ಟೆಂಡರಿನಲ್ಲಿ ಕಂಪನಿಯ ಹೆಸರು ಬೇಡ, ಪ್ರೊಟೊಕಾಲ್ ಹೆಸರು ಬರೆಯಿರಿ: ಕಾಲೇಜು ಲ್ಯಾಬ್‌ಗಳಿಗೆ ಕಂಪ್ಯೂಟರ್ ಖರೀದಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೆ ಲ್ಯಾಬ್‌ಗಳಲ್ಲಿ ಕೇಳಿಬರುವುದು ಒಂದೇ ಮಾತು. ಹಳೇ ಸಿಸ್ಟಮ್ ಎಲ್ಲ ಕಂಡಮ್ ಮಾಡಿ, ಹೊಸದಕ್ಕೆ ಇಂಡೆಂಟ್ ಹಾಕಿ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಸುರಕ್ಷತಾ ಘಟಕ ಎಷ್ಟೋ ಹಳೇ ಯಂತ್ರಗಳಲ್ಲಿ ಇರುವುದಿಲ್ಲ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳು, ಬೆರಳೆಣಿಕೆಯಷ್ಟನ್ನು ಬಿಟ್ಟರೆ, ಅದರ ಪಟ್ಟಿಯಲ್ಲೇ ಇಲ್ಲ. ಹಣ ಕಟ್ಟಿ ಇನ್ನಷ್ಟು ಕಾಲ ಸುರಕ್ಷತಾ ಅಪ್‌ಡೇಟ್ ಪಡೆಯುವ ದಾರಿ ಇದೆ. ಅದರಿಂದ ತೊಂದರೆ ಮುಂದಕ್ಕೆ ಹೋಗುತ್ತದೆ ಅಷ್ಟೇ.

ಅದೇ ಹಳೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದರೆ ಇನ್ನೂ ಕೆಲವು ವರ್ಷ ಚೆನ್ನಾಗಿ ಓಡುತ್ತದೆ. ಹೊಸದಾಗಿ ಬರುವುದರಲ್ಲಿ ವಿಂಡೋಸ್ 11 ಇರುತ್ತದೆ. ಬಿ.ಕಾಂ. ಮಕ್ಕಳಿಗೆ ಟ್ಯಾಲಿ ಬೇಕು, ಅದಕ್ಕೆ ವಿಂಡೋಸ್ ಬೇಕು. ಬಿ.ಸಿ.ಎ. ಮಕ್ಕಳಿಗೆ ಯುನಿಕ್ಸ್ ಪ್ರಾಕ್ಟಿಕಲ್ ಇದೆ, ಅದಕ್ಕೆ ಲಿನಕ್ಸ್ ಬೇಕು. ಪತ್ರಿಕೋದ್ಯಮ ವಿಭಾಗ ಇರುವ ಕಡೆ ಒಂದು ಮ್ಯಾಕ್ ಕೂಡ ಕೂತಿರುತ್ತದೆ. ಅಂದರೆ ಮುಂದಿನ ಹಲವು ವರ್ಷ ನಮ್ಮ ಜಾಲಗಳು ಕಲಸುಮೇಲೋಗರವಾಗಿಯೇ ಇರುತ್ತವೆ. ಎಲ್ಲವನ್ನೂ ಒಂದೇ ಕಂಪನಿಯದ್ದು ಮಾಡಿ ಇದನ್ನು ಸರಿಪಡಿಸುತ್ತೇವೆ ಎಂದುಕೊಂಡು ದೊಡ್ಡ ಟೆಂಡರ್ ಬರೆಯುವ ಮುಂಚೆ ಈ ಪತ್ರ ಒಮ್ಮೆ ಓದಿ. ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವವನು ನಾನು. ನನ್ನ ಕೋರಿಕೆ ಚಿಕ್ಕದು. ಫೈಲ್ ಹಂಚಿಕೆಗೆ ಮತ್ತು ಪ್ರಿಂಟಿಗೆ ಉತ್ಪನ್ನದ ಹೆಸರು ಬರೆಯಬೇಡಿ. ಪ್ರೊಟೊಕಾಲ್, ಅಂದರೆ ಯಂತ್ರಗಳು ಪರಸ್ಪರ ಮಾತಾಡುವ ನಿಯಮ, ಅದರ ಹೆಸರು ಬರೆಯಿರಿ. ಲೈಸೆನ್ಸಿಗೆ ಇಡುವ ದುಡ್ಡಿನಲ್ಲಿ ಒಂದು ಪಾಲನ್ನು ಅದನ್ನು ನಡೆಸುವ ಮನುಷ್ಯರಿಗೆ ಇಡಿ.

ಈಗ ಲ್ಯಾಬ್‌ಗಳಲ್ಲಿ ಹಂಚಿಕೆ ಹೇಗೆ ನಡೆಯುತ್ತದೆ ಅನ್ನುವುದು ನಿಮಗೂ ಗೊತ್ತಿರಬಹುದು. ಸಾಮಾನ್ಯ ವಿಂಡೋಸ್ ಇರುವ ಒಂದು ಯಂತ್ರವನ್ನೇ 'ಸರ್ವರ್' ಎಂದು ಕರೆದು, ಒಂದು ಫೋಲ್ಡರ್ ಶೇರ್ ಮಾಡಿರುತ್ತಾರೆ. ಅಂಥ ಯಂತ್ರಕ್ಕೆ ಹಂಚಿಕೆಯ ಮಿತಿ 20 ಸಂಪರ್ಕ. ಲೈಸೆನ್ಸಿನಲ್ಲೇ ಬರೆದಿದೆ. ಮೂವತ್ತು ಸಿಸ್ಟಮ್ ಇರುವ ಲ್ಯಾಬಿನಲ್ಲಿ ಇಪ್ಪತ್ತೊಂದನೇ ಹುಡುಗಿ ಫೋಲ್ಡರ್ ತೆಗೆದರೆ, ಇನ್ನು ಹೊಸ ಸಂಪರ್ಕ ಸಾಧ್ಯವಿಲ್ಲ ಎಂಬ ಸಂದೇಶ ಬರುತ್ತದೆ. ಪಾಪ, ಅವಳು ಕೇಬಲ್ ಕಿತ್ತು ಹಾಕಿ ನೋಡುತ್ತಾಳೆ. ಕೊನೆಗೆ ಪೆನ್ ಡ್ರೈವ್ ಹೊರಗೆ ಬರುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅದೇ ಪೆನ್ ಡ್ರೈವ್ ಪ್ರಿಂಟರ್ ಇರುವ ಒಂದೇ ಯಂತ್ರಕ್ಕೆ ಸರದಿಯಲ್ಲಿ ಹೋಗಿಬರುತ್ತದೆ, ತನ್ನ ಜೊತೆ ಶಾರ್ಟ್‌ಕಟ್ ವೈರಸ್ಸನ್ನೂ ಕರೆದುಕೊಂಡು.

ಇದಕ್ಕೆ ಸಾಮಾನ್ಯವಾಗಿ ಬರುವ ಕೊಟೇಶನ್ ವಿಂಡೋಸ್ ಸರ್ವರ್‌ದು. ಅದು ಒಳ್ಳೆಯದೇ, ಕೆಲಸ ಮಾಡುತ್ತದೆ. ಆದರೆ ಸರ್ವರ್ ಲೈಸೆನ್ಸ್ ಒಂದು ಖರ್ಚು, ಅದನ್ನು ಬಳಸುವ ಪ್ರತಿ ವ್ಯಕ್ತಿಗೆ ಅಥವಾ ಪ್ರತಿ ಯಂತ್ರಕ್ಕೆ ಬೇಕಾದ ಕ್ಲೈಂಟ್ ಲೈಸೆನ್ಸ್ ಇನ್ನೊಂದು ಖರ್ಚು. ಟೆಂಡರಿನಲ್ಲಿ ಮೊದಲನೆಯದು ಕಾಣುತ್ತದೆ, ಎರಡನೆಯದು ಎಷ್ಟೋ ಸಲ ಕಾಣುವುದೇ ಇಲ್ಲ. ಮೂವತ್ತು ಯಂತ್ರಗಳ ಲ್ಯಾಬಿಗೆ ಬೇಕಿರುವುದು ಮಕ್ಕಳ ಫೈಲ್ ಇಡಲು ಜಾಗ, ಹಂಚಿಕೊಳ್ಳಲು ಒಂದು ಪ್ರಿಂಟರ್. ಈ ಕೆಲಸವನ್ನು ನೀವು ಕಂಡಮ್ ಮಾಡಲು ಹೊರಟಿರುವ ಯಂತ್ರಗಳಲ್ಲೇ ಒಂದು, ಹೊಸ ಹಾರ್ಡ್ ಡಿಸ್ಕ್ ಹಾಕಿಕೊಂಡು, ಫೈಲಿಗೆ ಸಾಂಬಾ, ಪ್ರಿಂಟಿಗೆ ಕಪ್ಸ್ ಎಂಬ ಎರಡು ಉಚಿತ ತಂತ್ರಾಂಶಗಳಿಂದ ಮಾಡುತ್ತದೆ. ಲಿನಕ್ಸಿನ ಮೇಲೆ ಓಡುವ ಸಾಂಬಾ, ವಿಂಡೋಸ್ ಕಣ್ಣಿಗೆ ಇನ್ನೊಂದು ವಿಂಡೋಸ್ ಸರ್ವರಿನ ಹಾಗೇ ಕಾಣುತ್ತದೆ. ಸಂಪರ್ಕಗಳಿಗೆ ಲೈಸೆನ್ಸಿನ ಮಿತಿ ಇಲ್ಲ.

'ಅದೆಲ್ಲ ಜುಗಾಡ್, ಸರ್ಕಾರಿ ಕೆಲಸಕ್ಕೆ ಆಗಲ್ಲ' ಎಂಬ ಮಾತು ಸಭೆಗಳಲ್ಲಿ ಬರುತ್ತದೆ. ಅದಕ್ಕೇ ಇದರ ಇತಿಹಾಸ ಸ್ವಲ್ಪ ಹೇಳಬೇಕು.

ಫೈಲ್ ಹಂಚಿಕೆಯ ಎಸ್‌ಎಂಬಿ ಪ್ರೊಟೊಕಾಲ್ 1980ರ ದಶಕದ ಆರಂಭದಲ್ಲಿ ಐಬಿಎಂನಲ್ಲಿ ಬ್ಯಾರಿ ಫೈಗನ್‌ಬಾಮ್ ಕೈಯಲ್ಲಿ ಹುಟ್ಟಿದ್ದು. ಮೈಕ್ರೋಸಾಫ್ಟ್ ಆಮೇಲೆ ಅದನ್ನು ಬೆಳೆಸಿ ತನ್ನದಾಗಿಸಿಕೊಂಡಿತು. 1991ರ ಕೊನೆಯ ಹೊತ್ತಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಂಡ್ರ್ಯೂ ಟ್ರಿಜೆಲ್‌ಗೆ ತನ್ನ ಪಿಸಿಯಿಂದ ಯುನಿಕ್ಸ್ ಯಂತ್ರದ ಡಿಸ್ಕ್ ತಲುಪಬೇಕಿತ್ತು. ಕೈಯಲ್ಲಿ ಯಾವ ದಾಖಲೆಯೂ ಇರಲಿಲ್ಲ. ಎರಡು ಯಂತ್ರಗಳ ನಡುವೆ ತಂತಿಯಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು ನೋಡಿ ನೋಡಿ, ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತದೆ ಎಂದು ಗುರುತು ಹಾಕಿಕೊಂಡು, ತಾನೇ ಒಂದು ಸರ್ವರ್ ಬರೆದ. ಫ್ರೆಂಚ್ ಬಾರದವನು ಕೆಫೆಯಲ್ಲಿ ಕೂತು, ಪಕ್ಕದ ಮೇಜಿನವರು ಏನು ಕೇಳಿದಾಗ ಏನು ಬರುತ್ತದೆ ಎಂದು ನೋಡಿ ಭಾಷೆ ಕಲಿತಂತೆ ಎಂದು ಆತನೇ ಮುಂದೆ ವಿವರಿಸಿದ್ದಾನೆ. ಜೆರೆಮಿ ಆಲಿಸನ್ ಮೊದಲಾದವರು ಸೇರಿಕೊಂಡರು. ಅದೇ ಸಾಂಬಾ ಆಯಿತು.

ಹೊರಗಿನಿಂದ ನೋಡಿ ಕಲಿಯುವುದಕ್ಕೆ ಒಂದು ಮಿತಿ ಇದೆ. ಮೈಕ್ರೋಸಾಫ್ಟ್ ಪ್ರೊಟೊಕಾಲನ್ನು ಬದಲಿಸುತ್ತಾ ಹೋಯಿತು, ದಾಖಲೆ ಕೊಡಲಿಲ್ಲ. 2004ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ 49.7 ಕೋಟಿ ಯೂರೋ ದಂಡ ಹಾಕಿತು. ಬೇರೆಯವರ ಸರ್ವರ್‌ಗಳು ವಿಂಡೋಸ್ ಜೊತೆ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿ ಕೊಡಿ ಎಂದೂ ಆದೇಶಿಸಿತು. 2007ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರ್‌ನಲ್ಲಿ ಪ್ರೊಟೊಕಾಲ್ ಫ್ರೀಡಂ ಇನ್ಫರ್ಮೇಷನ್ ಫೌಂಡೇಶನ್ ಎಂಬ ಸಂಸ್ಥೆ ಒಂದೇ ಬಾರಿಗೆ 10,000 ಯೂರೋ ಕೊಟ್ಟು ದಾಖಲೆಗಳನ್ನು ಪಡೆದು ಸಾಂಬಾದವರ ಕೈಗೆ ಸಿಗುವಂತೆ ಮಾಡಿತು. ಈಗಂತೂ ಮೈಕ್ರೋಸಾಫ್ಟ್ ಅವನ್ನು ಎಲ್ಲರಿಗೂ ತೆರೆದಿಟ್ಟಿದೆ. ಎರಡೂ ಕಡೆಯ ಎಂಜಿನಿಯರುಗಳು ಒಂದೇ ಕೋಣೆಯಲ್ಲಿ ಕೂತು ತಮ್ಮ ತಂತ್ರಾಂಶ ಪರೀಕ್ಷಿಸುವ ಕೂಟಗಳು ನಡೆಯುತ್ತವೆ. 2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4.0, ಇಡೀ ಸಂಸ್ಥೆಯ ಲಾಗಿನ್‌ಗಳನ್ನು ಒಂದೇ ಕಡೆ ನೋಡಿಕೊಳ್ಳುವ ಆಕ್ಟಿವ್ ಡೈರೆಕ್ಟರಿಯ ಡೊಮೇನ್ ಕಂಟ್ರೋಲರ್ ಆಗಿಯೂ ಕೆಲಸ ಮಾಡಬಲ್ಲದು. ಒಂದು ಲ್ಯಾಬಿಗೆ ಅಷ್ಟೆಲ್ಲ ಬೇಡ, ಸುಮ್ನೆ ತಲೆನೋವು. ಫೈಲ್ ಸರ್ವರ್ ಸಾಕು.

ಇನ್ನೊಂದು ವಿಷಯ. ಕೊಟೇಶನ್‌ನಲ್ಲಿ 'ನ್ಯಾಸ್' ಎಂದು ಬರುವ, ಜಾಲಕ್ಕೆ ಜೋಡಿಸಿ ಫೈಲ್ ಇಡುವ ಪೆಟ್ಟಿಗೆಗಳಿವೆಯಲ್ಲ, ಅವುಗಳಲ್ಲಿ ಹೆಸರಾಂತ ಕಂಪನಿಗಳ ಪೆಟ್ಟಿಗೆಯ ಒಳಗೂ ಓಡುತ್ತಿರುವುದು ಸಾಂಬಾನೇ. ನೀವು ಅದನ್ನು ಆಗಲೇ ಖರೀದಿ ಮಾಡಿದ್ದೀರಿ, ಬಿಲ್ಲಿನಲ್ಲಿ ಹೆಸರು ಬೇರೆ ಇತ್ತು ಅಷ್ಟೇ.

ಸುರಕ್ಷತೆಯ ಪ್ರಶ್ನೆ ನ್ಯಾಯವಾದದ್ದು. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಹಬ್ಬಿದ್ದು ವಿಂಡೋಸಿನ ಹಳೇ ಎಸ್‌ಎಂಬಿ 1ರ ದೋಷದಿಂದ. ಅದನ್ನು ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ಜನ ಹಾಕಿಕೊಂಡಿರಲಿಲ್ಲ. ಅದೇ ಮೇ ತಿಂಗಳಲ್ಲಿ ಸಾಂಬಾದಲ್ಲೂ ಒಂದು ಗಂಭೀರ ದೋಷ ಸಿಕ್ಕಿತು. ಸಾಂಬಾದ 3.5.0 ಆವೃತ್ತಿಯಿಂದಲೂ ಅದು ಒಳಗೇ ಕೂತಿತ್ತು. ಅಂದರೆ ಉಚಿತ ತಂತ್ರಾಂಶ ಎಂದ ಮಾತ್ರಕ್ಕೆ ಅದಕ್ಕೆ ರೋಗ ಬರುವುದಿಲ್ಲ ಅಂತೇನಿಲ್ಲ. ಅಪ್‌ಡೇಟ್ ಹಾಕುವವರು ಇದ್ದಾರಾ ಅನ್ನುವುದೇ ಮುಖ್ಯ. 2019ರ ಸಾಂಬಾ 4.11ರಿಂದ ಎಸ್‌ಎಂಬಿ 1 ತಾನಾಗಿಯೇ ಆಫ್ ಇರುತ್ತದೆ. ಹೊಸ ವಿಂಡೋಸ್‌ಗಳಲ್ಲೂ ಹಾಗೆಯೇ.

ಆದರೆ ಅದನ್ನು ಮತ್ತೆ ಆನ್ ಮಾಡಿಸುವ ಒಂದು ವಸ್ತು ಪ್ರತಿ ಕಚೇರಿಯಲ್ಲೂ ಇದೆ, ಹಳೇ ಜೆರಾಕ್ಸ್ ಮಷೀನು. ಸ್ಕ್ಯಾನ್ ಮಾಡಿದ್ದನ್ನು ನೇರ ಫೋಲ್ಡರಿಗೆ ಕಳಿಸುವ ಸೌಲಭ್ಯ ಅದರಲ್ಲಿರುತ್ತದೆ. ಹಳೆಯ ಮಾಡೆಲ್‌ಗಳಿಗೆ ಎಸ್‌ಎಂಬಿ 1 ಬಿಟ್ಟು ಬೇರೆ ಗೊತ್ತಿಲ್ಲ. ಸ್ಕ್ಯಾನ್ ಹೋಗುತ್ತಿಲ್ಲ ಎಂದು ಆಫೀಸಿನವರು ಗಲಾಟೆ ಮಾಡಿದಾಗ ಸರ್ವಿಸ್ ಹುಡುಗ ಬಂದು ಸರ್ವರಿನಲ್ಲಿ ಎಸ್‌ಎಂಬಿ 1 ಆನ್ ಮಾಡಿ, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಸ್ಕ್ಯಾನ್ ಸರಿಹೋಯಿತು, ಬಾಗಿಲು ತೆರೆದುಕೊಂಡಿತು. ಜೆರಾಕ್ಸ್ ಮಷೀನಿನ ಟೆಂಡರ್ ಬರೆಯುವವರಿಗೆ ಇದು ನೆಟ್‌ವರ್ಕ್ ವಿಷಯ ಎಂದು ಹೊಳೆಯುವುದೂ ಇಲ್ಲ. ಎಸ್‌ಎಂಬಿ 2 ಅಥವಾ 3 ಕಡ್ಡಾಯ ಎಂಬ ಒಂದು ಸಾಲು ಅಲ್ಲೂ ಬೇಕು.

ಹಾಗೆಯೇ ಪಾಸ್‌ವರ್ಡ್ ಇಲ್ಲದ, ಎಲ್ಲರಿಗೂ ತೆರೆದ ಶೇರ್‌ಗಳ ಕಾಲ ಮುಗಿಯಿತು. ವಿಂಡೋಸ್ 11ರ 24ಎಚ್2 ಆವೃತ್ತಿ ಪ್ರತಿ ಎಸ್‌ಎಂಬಿ ಸಂದೇಶಕ್ಕೂ ಡಿಜಿಟಲ್ ಸಹಿ ಕೇಳುತ್ತದೆ. ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಒಳಬರುವವರ ಬಳಿ ಸಹಿ ಹಾಕಲು ಕೀಲಿ ಇರುವುದಿಲ್ಲ, ಹಾಗಾಗಿ ಸಂಪರ್ಕ ಆಗುವುದಿಲ್ಲ. 'ಹೊಸ ಸಿಸ್ಟಮ್ ಬಂದ ಮೇಲೆ ಸರ್ವರ್ ಓಪನ್ ಆಗ್ತಿಲ್ಲ' ಎಂಬ ದೂರುಗಳ ಹಿಂದೆ ಎಷ್ಟೋ ಸಲ ಇರುವುದು ಇದೇ. ರಿಜಿಸ್ಟ್ರಿ ತಿದ್ದಿ ಸಹಿಯನ್ನು ಆಫ್ ಮಾಡುವ ವಿಡಿಯೋಗಳು ಬೇಕಾದಷ್ಟಿವೆ. ದಯವಿಟ್ಟು ಅದನ್ನು ಯಾರಿಗೂ ಮಾಡಲು ಬಿಡಬೇಡಿ. ಪ್ರತಿ ವಿದ್ಯಾರ್ಥಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಡುವುದು ಸಾಂಬಾದಲ್ಲಿ ಕಷ್ಟವಲ್ಲ. ಅದರ ಜೊತೆ ರೀಸೈಕಲ್ ಎಂಬ ಮಾಡ್ಯೂಲ್ ಹಾಕಿಕೊಂಡರೆ ಶೇರ್‌ನಿಂದ ಅಳಿಸಿದ ಫೈಲ್ ಒಂದು ಮೂಲೆಯ ಫೋಲ್ಡರಿಗೆ ಹೋಗಿ ಕೂರುತ್ತದೆ. ರೆಕಾರ್ಡ್ ಸಬ್ಮಿಶನ್ನಿನ ಹಿಂದಿನ ದಿನ ಇದರ ಬೆಲೆ ತಿಳಿಯುತ್ತದೆ!

ಕನ್ನಡದ ಬಗ್ಗೆ ಯಾವ ಟೆಂಡರಿನಲ್ಲೂ ಇಲ್ಲದ ಮಾತೊಂದಿದೆ. ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಈಗ ಜಾಸ್ತಿ ಆಗಿದ್ದಾರೆ, ಒಳ್ಳೆಯದು. ಸಾಂಬಾ 3.0ರ ಕಾಲದಿಂದ, ಅಂದರೆ 2003ರಿಂದ, ಯುನಿಕೋಡ್ ಹೆಸರುಗಳು ವಿಂಡೋಸ್ ಮತ್ತು ಲಿನಕ್ಸ್ ನಡುವೆ ಸರಿಯಾಗಿ ಓಡಾಡುತ್ತವೆ. ಆದರೆ ಹೆಸರಿನ ಉದ್ದದ ವಿಷಯದಲ್ಲಿ ಒಂದು ಎಡವಟ್ಟಿದೆ. ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ ಎರಡು ಕಡೆ ಬೇರೆಬೇರೆ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿಗೆ 255 ಅಕ್ಷರಚಿಹ್ನೆಗಳ ಜಾಗ. ಲಿನಕ್ಸಿನ ಎಕ್ಸ್ಟ್4ನಲ್ಲಿ 255 ಬೈಟ್‌ಗಳ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್ ಬೇಕು. ನಮಗೆ ಒಂದೇ ಅಕ್ಷರವಾಗಿ ಕಾಣುವ 'ಕ್ಷ' ಯಂತ್ರಕ್ಕೆ ಮೂರು ಚಿಹ್ನೆ, ಒಟ್ಟು ಒಂಬತ್ತು ಬೈಟ್. 'ಕಾಲೇಜು ಅಭಿವೃದ್ಧಿ ಸಮಿತಿ ಸಭೆಯ ನಡಾವಳಿ' ಎಂಬಷ್ಟಕ್ಕೇ 94 ಬೈಟ್ ಹೋಯಿತು. ಲಿನಕ್ಸ್ ಸರ್ವರಿನ ಮೇಲೆ ಕನ್ನಡಕ್ಕೆ ಸಿಗುವುದು ಹೆಚ್ಚೆಂದರೆ 85 ಚಿಹ್ನೆ. ಸುತ್ತೋಲೆಯ ವಿಷಯ ಸಾಲನ್ನೇ ಇಡಿಯಾಗಿ ಫೈಲ್ ಹೆಸರು ಮಾಡುವ ಅಭ್ಯಾಸ ನಮ್ಮ ಕಚೇರಿಗಳಲ್ಲಿದೆಯಲ್ಲ, ಅಂಥ ಫೈಲ್ ವಿಂಡೋಸಿನಲ್ಲಿ ಚೆನ್ನಾಗಿ ಸೇವ್ ಆಗಿರುತ್ತದೆ, ಸರ್ವರಿಗೆ ಕಾಪಿ ಮಾಡಿದರೆ ಹೋಗುವುದಿಲ್ಲ. ಸಂದೇಶದಲ್ಲಿ ಕಾರಣವೂ ಸರಿಯಾಗಿ ತಿಳಿಯುವುದಿಲ್ಲ. ಸಾಂಬಾ ಕೆಟ್ಟಿದೆ ಎಂದು ತೀರ್ಮಾನವಾಗುತ್ತದೆ. ಒಂದು ತರಬೇತಿಯಲ್ಲಿ ಎರಡು ನಿಮಿಷ ಹೇಳಿದರೆ ಮುಗಿಯುವ ವಿಷಯ ಇದು.

ಮ್ಯಾಕ್ ಸೇರಿಕೊಂಡರೆ ಇನ್ನೊಂದು ತಮಾಷೆ. ಆಪಲ್‌ನ ಹಳೇ ಎಚ್‌ಎಫ್‌ಎಸ್ ಪ್ಲಸ್ ಪದ್ಧತಿಯ ಡಿಸ್ಕು ಫೈಲ್ ಹೆಸರುಗಳನ್ನು ಬಿಡಿಸಿ ಇಟ್ಟುಕೊಳ್ಳುತ್ತಿತ್ತು. 'ಕೋಲಾರ'ದ ಓತ್ವ ನಾವು ಟೈಪ್ ಮಾಡುವಾಗ ಒಂದು ಚಿಹ್ನೆ. ಅಲ್ಲಿ ಅದು ಎತ್ವ, ಊತ್ವ, ದೀರ್ಘದ ಗುರುತು ಎಂದು ಮೂರಾಗುತ್ತದೆ. ಲಿನಕ್ಸ್ ಬೈಟ್‌ಗಳನ್ನು ಮಾತ್ರ ನೋಡುತ್ತದೆ. ಹಾಗಾಗಿ ಒಂದೇ ಫೋಲ್ಡರಿನಲ್ಲಿ ಎರಡು 'ಕೋಲಾರ' ಅಕ್ಕಪಕ್ಕ ಕೂರಬಹುದು, ಕಣ್ಣಿಗೆ ಎರಡೂ ಒಂದೇ. ಹಳೇ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ ದಾಖಲೆಗಳ ಕಥೆ ಇನ್ನೂ ಸರಳ. ಆ ಫಾಂಟ್ ಇಲ್ಲದ ಯಂತ್ರದಿಂದ ಪ್ರಿಂಟ್ ಕೊಟ್ಟರೆ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಯುನಿಕೋಡಿಗೆ ಬದಲಿಸಿ, ಇಲ್ಲವೇ ಫಾಂಟ್ ಒಳಗೊಂಡ ಪಿಡಿಎಫ್ ಮಾಡಿ ಕಳಿಸಿ. ಇದಕ್ಕೆ ಪ್ರಿಂಟರನ್ನು ಬೈಯಬೇಡಿ.

ಇನ್ನು ಪ್ರಿಂಟರ್. ಕಪ್ಸ್ ಎಂಬುದನ್ನು ಮೈಕಲ್ ಸ್ವೀಟ್ 1997ರಲ್ಲಿ ಬರೆಯಲು ಶುರು ಮಾಡಿದರು, 1999ರಲ್ಲಿ ಅದು ಹೊರಬಂತು. 2002ರಲ್ಲಿ ಆಪಲ್ ತನ್ನ ಮ್ಯಾಕ್‌ಗಳಿಗೆ ಅದನ್ನೇ ತೆಗೆದುಕೊಂಡಿತು. 2007ರಲ್ಲಿ ಕೋಡನ್ನೂ ಕೊಂಡು ಸ್ವೀಟ್ ಅವರನ್ನೂ ಕೆಲಸಕ್ಕೆ ಸೇರಿಸಿಕೊಂಡಿತು. 2019ರ ಕೊನೆಗೆ ಅವರು ಆಪಲ್ ಬಿಟ್ಟರು. ಈಗ ಓಪನ್‌ಪ್ರಿಂಟಿಂಗ್ ಬಳಗ ಅದನ್ನು ಮುಂದುವರಿಸುತ್ತಿದೆ. ಅದು ಮಾತಾಡುವುದು ಐಪಿಪಿ ಎಂಬ ಮುಕ್ತ ಮಾನದಂಡ, 631ನೇ ಪೋರ್ಟ್ (ಜಾಲದ ಸೇವೆಯ ಬಾಗಿಲು ಸಂಖ್ಯೆ) ಮೇಲೆ. ಇವತ್ತಿನ ಒಳ್ಳೆಯ ನೆಟ್‌ವರ್ಕ್ ಪ್ರಿಂಟರುಗಳು ತಾವೇ ಐಪಿಪಿ ಮಾತಾಡುತ್ತವೆ. ಅಂಥದ್ದಕ್ಕೆ ಲಿನಕ್ಸ್, ಮ್ಯಾಕ್, ವಿಂಡೋಸ್, ಮೊಬೈಲ್ ಯಾವುದರಿಂದಲೂ ಡ್ರೈವರ್ ಇಲ್ಲದೆ ಪ್ರಿಂಟ್ ಕೊಡಬಹುದು. ಡ್ರೈವರ್ ಸಿ.ಡಿ. ಹುಡುಕುವ ಕೆಲಸ ಇಲ್ಲ. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ದೋಷ ವಿಂಡೋಸಿನ ಪ್ರಿಂಟ್ ಸೇವೆಯನ್ನೇ ಒದ್ದಾಡಿಸಿತ್ತು, ನೆನಪಿರಬಹುದು. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕೂಡ ಕಂಪನಿಗಳ ಬೇರೆಬೇರೆ ಡ್ರೈವರುಗಳಿಂದ ಹಂತಹಂತವಾಗಿ ದೂರ ಸರಿಯುವುದಾಗಿ ಹೇಳಿತು. ಎಲ್ಲರೂ ಐಪಿಪಿ ಕಡೆಗೇ ಹೋಗುತ್ತಿದ್ದಾರೆ.

ಆದರೆ ನಮ್ಮ ಕೊಟೇಶನ್‌ಗಳಲ್ಲಿ ಇವತ್ತಿಗೂ ಗೆಲ್ಲುವುದು ಯುಎಸ್‌ಬಿ ಮಾತ್ರ ಇರುವ, ಅರ್ಧ ಕೆಲಸವನ್ನು ಕಂಪ್ಯೂಟರಿನ ತಲೆಗೆ ಕಟ್ಟುವ ಸಣ್ಣ ಲೇಸರ್ ಪ್ರಿಂಟರ್. ಬೆಲೆ ಕಡಿಮೆ, ಎಲ್-1 (ಅತಿ ಕಡಿಮೆ ದರದ ಬಿಡ್) ಆಗುತ್ತದೆ. ಕಂಪನಿ ಡ್ರೈವರ್ ಕೊಡುವುದನ್ನು ನಿಲ್ಲಿಸಿದ ದಿನ ಯಂತ್ರ ಗಟ್ಟಿಮುಟ್ಟಾಗಿದ್ದರೂ ಕಸವಾಗುತ್ತದೆ. ನೆಟ್‌ವರ್ಕ್ ಪೋರ್ಟ್ ಇರಬೇಕು, ಡ್ರೈವರ್ ಇಲ್ಲದೆ ಪ್ರಿಂಟ್ ಆಗುತ್ತದೆ ಎನ್ನುವ ಐಪಿಪಿ ಎವೆರಿವೇರ್, ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಪ್ರಮಾಣಪತ್ರ ಇರಬೇಕು ಎಂದು ಬರೆದರೆ ಇಂಥವು ತಾವಾಗಿಯೇ ಹೊರಗುಳಿಯುತ್ತವೆ. ಕಪ್ಸ್‌ಗೂ ಕಾವಲು ಬೇಕು. 2024ರ ಸೆಪ್ಟೆಂಬರ್‌ನಲ್ಲಿ ಜಾಲದ ಪ್ರಿಂಟರುಗಳನ್ನು ತಾನೇ ಹುಡುಕುವ ಅದರ ಜೊತೆಗಾರ ಸೇವೆಯೊಂದರಲ್ಲಿ ದೋಷ ಕಂಡಿತ್ತು. ಬೇಡದಿದ್ದರೆ ಆ ಸೇವೆ ಆಫ್ ಮಾಡಿ, 631ನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆಯಬೇಡಿ. ಅಷ್ಟು ಮಾಡಿದರೆ ಲ್ಯಾಬಿನ ಒಳಗೆ ನೆಮ್ಮದಿ.

ಇಷ್ಟೆಲ್ಲ ಹೇಳಿ, ಎಲ್ಲರೂ ಲಿನಕ್ಸ್‌ಗೆ ಬನ್ನಿ ಎಂದು ನಾನು ಕೇಳುತ್ತಿಲ್ಲ. ಜರ್ಮನಿಯ ಮ್ಯೂನಿಕ್ ನಗರಪಾಲಿಕೆ ಹತ್ತು ವರ್ಷ ಕಷ್ಟಪಟ್ಟು ಲಿನಕ್ಸ್‌ಗೆ ಹೋಗಿ, 2017ರಲ್ಲಿ ಮತ್ತೆ ವಿಂಡೋಸಿಗೆ ಮರಳುವ ತೀರ್ಮಾನ ಮಾಡಿತು. ಪಕ್ಕದ ಕೇರಳ 2001ರಲ್ಲಿ ಐಟಿ@ಸ್ಕೂಲ್ ಶುರು ಮಾಡಿ, ಮುಂದೆ ಅದನ್ನು ಕೈಟ್ ಎಂಬ ಸಂಸ್ಥೆಯಾಗಿಸಿ, ಸರ್ಕಾರಿ ಶಾಲೆಗಳನ್ನು ಇವತ್ತಿಗೂ ಮುಕ್ತ ತಂತ್ರಾಂಶದಲ್ಲೇ ನಡೆಸುತ್ತಿದೆ. ಎರಡೂ ಕಡೆ ತಂತ್ರಾಂಶ ಹೆಚ್ಚುಕಡಿಮೆ ಅದೇ. ನನ್ನ ಲೆಕ್ಕದಲ್ಲಿ ಕೇರಳ ಉಳಿದುಕೊಂಡದ್ದು ಮಾಸ್ಟರ್ ಟ್ರೈನರುಗಳಿಂದ. ಶಾಲೆಯಲ್ಲಿ ಪಾಠ ಮಾಡುವ ಮೇಷ್ಟ್ರುಗಳನ್ನೇ ಆರಿಸಿ ತಯಾರು ಮಾಡಿದರು.

ನಮ್ಮಲ್ಲಿ ಸರ್ವರ್ ಹಾಕುವವರು ಬಹಳ ಸಲ ಅತಿಥಿ ಉಪನ್ಯಾಸಕರು. ಆಸಕ್ತಿಯಿಂದ, ಸಂಜೆ ಹೊತ್ತು ಕೂತು, ತಮ್ಮ ಲ್ಯಾಪ್‌ಟಾಪಿನಲ್ಲಿ ಲಿನಕ್ಸಿನ ಐಎಸ್‌ಒ ಫೈಲ್ ಇಳಿಸಿಕೊಂಡು ತಂದು ಹಾಕುತ್ತಾರೆ. ಅವರ ಅವಧಿ ಮುಗಿಯುತ್ತದೆ, ಮುಂದಿನ ಕೌನ್ಸೆಲಿಂಗ್‌ನಲ್ಲಿ ಬೇರೆ ಊರು ಸಿಗುತ್ತದೆ. ಸರ್ವರಿನ ರೂಟ್ ಪಾಸ್‌ವರ್ಡ್, ಅಂದರೆ ಮುಖ್ಯ ಕೀಲಿ, ಅವರ ಜೊತೆಗೇ ಹೋಗುತ್ತದೆ. ಮೂರು ತಿಂಗಳ ನಂತರ ಯಾರೋ ಬಂದು ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕುತ್ತಾರೆ, ಹಲವು ಸಲ ಕದ್ದ ವಿಂಡೋಸ್. ಆಮೇಲೆ ಕಡತದಲ್ಲಿ ಬರೆಯುವುದು ಏನು ಗೊತ್ತಾ? 'ಲಿನಕ್ಸ್ ಪ್ರಯೋಗ ವಿಫಲ.' ಈ ಒಂದು ವಾಕ್ಯದ ಮೇಲೆ ನನಗೆ ಬಹಳ ಸಿಟ್ಟಿದೆ. ವಿಫಲವಾದದ್ದು ಹಸ್ತಾಂತರ. ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಪ್ರಾಂಶುಪಾಲರ ಬೀರುವಿನಲ್ಲಿ ಇಡುವುದು, ಸಾಂಬಾದ ಸೆಟ್ಟಿಂಗ್ ಫೈಲನ್ನು ಪ್ರಿಂಟ್ ತೆಗೆದು ಸ್ಟಾಕ್ ರಿಜಿಸ್ಟರಿಗೆ ಅಂಟಿಸುವುದು, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಒಂದು ಸುತ್ತೋಲೆ ಸಾಕು. ಖರ್ಚಾಗುವುದು ಜಿಲ್ಲೆಗೆ ಒಬ್ಬ ಕಾಯಂ ತಂತ್ರಜ್ಞನಿಗೆ. ತಿಂಗಳಿಗೊಮ್ಮೆ ಅಪ್‌ಡೇಟ್ ನೋಡಿ, ಬ್ಯಾಕಪ್ ನಿಜವಾಗಿ ವಾಪಸ್ ಬರುತ್ತದಾ ಎಂದು ಪರೀಕ್ಷಿಸಿ, ಫೋನ್ ಎತ್ತುವ ಒಬ್ಬ ವ್ಯಕ್ತಿ.

ನಿಮ್ಮ ಕೈ ಬಲಪಡಿಸುವ ಕಾಗದವೂ ಇದೆ. ಕೇಂದ್ರ ಸರ್ಕಾರ 2010ರಲ್ಲೇ ಇ-ಆಡಳಿತಕ್ಕೆ ಮುಕ್ತ ಮಾನದಂಡಗಳ ನೀತಿ ತಂದಿತು. 2015ರಲ್ಲಿ ಮುಕ್ತ ತಂತ್ರಾಂಶದ ನೀತಿ ತಂದಿತು. ಪೂರೈಕೆದಾರರು ಮುಕ್ತ ತಂತ್ರಾಂಶವನ್ನೂ ಪರಿಗಣಿಸಬೇಕು, ಬಿಟ್ಟರೆ ಏಕೆ ಬಿಟ್ಟೆವು ಎಂದು ಕಾರಣ ಕೊಡಬೇಕು ಎಂದು ಅದರಲ್ಲಿದೆ. ರಾಜ್ಯಗಳೂ ಅದನ್ನು ಅಳವಡಿಸಿಕೊಳ್ಳಬಹುದು. ಈಗ ಕಾರಣ ಕೊಡಬೇಕಾಗಿ ಬರುವುದು ಲಿನಕ್ಸ್ ಕೇಳಿದ ಕಾಲೇಜಿನವರೇ. ಅದು ತಿರುವುಮುರುವು, ಅಲ್ವಾ?

ಹಾಗಾಗಿ ಮುಂದಿನ ಟೆಂಡರಿನಲ್ಲಿ ಸರ್ವರ್ ಎಂಬ ಜಾಗದಲ್ಲಿ ಹೀಗೆ ಬರೆಯಿರಿ: ಎಸ್‌ಎಂಬಿ 3 ಮೂಲಕ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಫೈಲ್ ಹಂಚಬೇಕು, ಎಸ್‌ಎಂಬಿ 1 ಆಫ್ ಇರಬೇಕು, ಸಹಿ ಕಡ್ಡಾಯ, ಕನ್ನಡ ಹೆಸರಿನ ಫೈಲ್‌ಗಳನ್ನು ಮೂರೂ ಕಡೆಯಿಂದ ತೆರೆದು ತೋರಿಸಬೇಕು, ಬಳಕೆದಾರರ ಲೈಸೆನ್ಸ್ ಖರ್ಚು ಇದ್ದರೆ ಐದು ವರ್ಷದ್ದನ್ನು ಸೇರಿಸಿ ಬೆಲೆ ಹೇಳಬೇಕು. ಮೈಕ್ರೋಸಾಫ್ಟ್ ಇದಕ್ಕೆ ಬಿಡ್ ಮಾಡಬಹುದು, ಊರಿನ ಸಾಂಬಾ ಬಲ್ಲ ಹುಡುಗನೂ ಮಾಡಬಹುದು. ಕಂಡಮ್ ಪಟ್ಟಿಗೆ ಸಹಿ ಹಾಕುವ ಮುಂಚೆ ಪ್ರತಿ ಕಾಲೇಜಿಗೆ ಎರಡು ಹಳೇ ಯಂತ್ರ ಬಿಡಿ. ಒಂದು ಸರ್ವರಿಗೆ, ಇನ್ನೊಂದು ಅದರ ಬ್ಯಾಕಪ್ಪಿಗೆ.

ಮತ್ತೆ, ಪ್ರಿ-ಬಿಡ್ ಸಭೆಗೆ ಕಂಪನಿಗಳ ಪ್ರತಿನಿಧಿಗಳ ಜೊತೆ ಇಬ್ಬರು ಲ್ಯಾಬ್ ಸಹಾಯಕರನ್ನೂ ಕರೆಯಿರಿ. ಟಿ.ಎ., ಡಿ.ಎ. ಬೇಡ. ಬಸ್ ಚಾರ್ಜ್ ನಾವೇ ಹಾಕಿಕೊಂಡು ಬರುತ್ತೇವೆ.

ಇಂತಿ,
ತಾಲ್ಲೂಕು ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುವವ